ಮಹಡಿ ತಪ್ಪಿದ ಕಿವಿ

ಕಿವಿಯ ಡಾಕ್ಟರರ ಕೋಣೆಯ ಹೊರಗೆ ರೋಗಿಗಳನ್ನು ಹೆಸರು ಕೂಗಿ ಕರೆಯುತ್ತಾರೆ. ಈ ಏರ್ಪಾಡು ಯಾರ ತಲೆಯಲ್ಲಿ ಹುಟ್ಟಿತೋ ಗೊತ್ತಿಲ್ಲ, ಆ ಮನುಷ್ಯ ಸಿಕ್ಕರೆ ಎರಡು ಮಾತು ಆಡಲಿಕ್ಕಿದೆ. ಕೇಳಿಸುವುದಿಲ್ಲ ಎಂದೇ ಬಂದು ಕೂತ ಹೆಂಗಸರು ಅಲ್ಲಿ ಹದಿನೈದಿಪ್ಪತ್ತು ಮಂದಿ. ನರ್ಸ್ ಬಾಗಿಲನ್ನು ಅರ್ಧ ತೆರೆದು ಒಂದು ಹೆಸರು ಒದರಿ ಒಳಗೆ ಹೋಗುತ್ತಾಳೆ. ಎರಡು ಸಲ ಕರೆದರೂ ಏಳದಿದ್ದರೆ ಕಾರ್ಡು ಕಟ್ಟಿನ ಅಡಿಗೆ ಹೋಗುತ್ತದೆ. ನನ್ನ ಕಾರ್ಡು ಮೊದಲ ದಿನವೇ ಅಡಿ ಸೇರಿತು. ನಾನು ಬಾಗಿಲಿಗೆ ಎಡಗಿವಿ ಕೊಟ್ಟು ಕೂತಿದ್ದೆ.

ಅಂಥ ಬೆಂಚಿನ ಮೇಲೆ ಈಗ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೇಳುವ ಕಿವಿಯನ್ನು ಬಾಗಿಲ ಕಡೆ ಮಾಡಿ ಕೂತುಕೊಳ್ಳಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ನಾನು ಲೀನಾ, ಮಂಗಳೂರಿನವಳು. ದೋಹಾದ ಒಂದು ಇಂಡಿಯನ್ ಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಗಂಡ ವಿಲ್ಫಿ ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ನಮ್ಮ ಮನೆಮಾತು ಕೊಂಕಣಿ, ಅದರಲ್ಲಿ ಗಂಡನಿಗೂ ಏಕವಚನವೇ. ಅವನ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಅಂದರೆ ಅಲ್ಲಿಗೇ ಅರ್ಧ ಬದಲಾಯಿತು. ಇನ್ನರ್ಧವನ್ನು ನೆನಪು ಬದಲಿಸಿರಬಹುದು. ಕಾಲೇಜಿನ ದಿನಗಳಿಂದ ನಾನು ಡೈರಿ ಬರೆಯುವವಳು, ಕನ್ನಡದಲ್ಲಿ. ನೆನಪನ್ನು ನಂಬದವರೇ ಡೈರಿ ಬರೆಯುವುದು. ಆದರೆ ಕಾಯಿಲೆ ಬಂದ ಆ ವಾರಗಳ ಡೈರಿಗೆ ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟೆ. ಹನ್ನೊಂದು ತಿಂಗಳಿಂದ ತೆರೆದಿಲ್ಲ. ತೆರೆಯದೆಯೇ ಇಲ್ಲಿಂದ ಶುರು ಮಾಡುತ್ತೇನೆ.

ನನಗೆ ವಯಲಿನ್ ಕಲಿಸಿದವರು ಊರಿನ ಇಗರ್ಜಿಯ ಮುದಿ ಕೊಯರ್ ಮಾಸ್ಟರ್. ಅವರ ವಯಲಿನ್‌ಗೆ ಗದ್ದ ಊರುವ ಹಲಗೆ ಇರಲಿಲ್ಲ, ಮುರಿದು ಎಷ್ಟೋ ಕಾಲವಾಗಿತ್ತು. ತಂತಿಗಳು ಕುರಿಯ ಕರುಳಿನವು, ಯಾವುದೋ ಪಾದ್ರಿ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಕಟ್ಟುಗಟ್ಟಲೆ ಇದ್ದುವು. ಹಾಗಾಗಿ ನಾನು ಕಲಿತದ್ದು ವಯಲಿನ್ ಅನ್ನು ಎದೆಯ ಮೇಲೆ ತುಸು ಕೆಳಗೆ ಹಿಡಿದು, ಕರುಳಿನ ತಂತಿಯ ಮೇಲೆ. ಮಾಸ್ಟರರು ತೀರಿಕೊಳ್ಳುವಾಗ ಆ ವಯಲಿನ್ ನನಗೆ ಕೊಟ್ಟರು.

ದೋಹಾದಲ್ಲಿ ಅದನ್ನು ನೋಡಿ ಕುಣಿದಾಡಿದವಳು ಮಾರ್ಗ್ರೀತ್. ಡಚ್ಚಳು. ಮುನ್ನೂರು ವರ್ಷ ಹಿಂದಿನ ಸಂಗೀತವನ್ನು ಆ ಕಾಲದ ವಾದ್ಯಗಳ ಮೇಲೆ, ಆ ಕಾಲದ ರೀತಿಯಲ್ಲೇ ನುಡಿಸುವುದನ್ನು ವರ್ಷಗಟ್ಟಲೆ ಕಲಿತು, ಅದರಲ್ಲೇ ಬದುಕಿದವಳು. ಅವಳ ವಾದ್ಯದ ಹೆಸರು ಗಾಂಬಾ, ಆರು ತಂತಿಯದು, ಮೊಣಕಾಲುಗಳ ನಡುವೆ ಇಟ್ಟುಕೊಂಡು ನುಡಿಸುತ್ತಾರೆ. ಅವಳ ಗಂಡ ಯಾನ್ ರಾಸ್ ಲಫಾನ್‌ನ ಗ್ಯಾಸ್ ಸ್ಥಾವರದಲ್ಲಿ ಎಂಜಿನಿಯರ್. ಅವನು ಹಾರ್ಪ್ಸಿಕಾರ್ಡ್ ನುಡಿಸುತ್ತಾನೆ. ಅದು ಪಿಯಾನೋದ ಅಜ್ಜಿ, ತಂತಿಯನ್ನು ಬಡಿಯುವುದಿಲ್ಲ, ಮೀಟುತ್ತದೆ. ಯಾನ್ ಮರದ ತುಂಡುಗಳನ್ನು ತರಿಸಿ ಅದನ್ನು ಕೈಯಾರೆ ಜೋಡಿಸಿದ್ದ. ಏಸಿ ಆನ್ ಮಾಡಿದರೆ ಅದರ ಶ್ರುತಿ ಒಂದು ಕಡೆ ಹೋಗುತ್ತದೆ, ಆಫ್ ಮಾಡಿದರೆ ಇನ್ನೊಂದು ಕಡೆ. ನಾವು ಬೆವರುತ್ತಾ ನುಡಿಸುತ್ತಿದ್ದೆವು.

"ಈ ಹಿಡಿತವನ್ನು ಕಲಿಯಲು ನಮ್ಮವರು ಮೂರು ವರ್ಷ ಒದ್ದಾಡುತ್ತಾರೆ. ನಿನಗೆ ಯಾರು ಕಲಿಸಿದರು?" ಎಂದು ಮಾರ್ಗ್ರೀತ್ ಕೇಳಿದಳು.

ಹಲಗೆ ಕೊಳ್ಳಲು ಮಾಸ್ಟರರ ಕೈಯಲ್ಲಿ ಕಾಸಿರಲಿಲ್ಲ ಎಂದೆ. ನಮ್ಮ ಬಡತನ ಅವಳಿಗೆ ಶೈಲಿಯಾಗಿ ಕಂಡಿತ್ತು. ಅವಮಾನ ಅನ್ನಿಸಬೇಕಿತ್ತೋ ಏನೋ, ನನಗೆ ಹೆಮ್ಮೆಯೇ ಆಯಿತು.

ವಿಲ್ಫಿಗೆ ಮಾತ್ರ ಇದೆಲ್ಲ ತಮಾಷೆ. "ಮಾರ್ಕೆಟಿಂದ ಮಟನ್ ತಂದ್ರೆ ಮಾಂಸ ನಂಗೆ, ಕರುಳು ನಿಂಗೆ. ಬಂಗುಡೆ ಮಾತ್ರ ಇಬ್ಬರಿಗೂ ಇರ್ಲಿ ಮಾರಾಯ್ತಿ."

ಇನ್ನು ಮಹಡಿಯ ವಿಷಯ. ಇಂದಿನ ವಾದ್ಯಗಳನ್ನು ಕೂಡಿಸುವ 'ಎ' ಸ್ವರ ಸೆಕೆಂಡಿಗೆ ನಾನೂರ ನಲವತ್ತು ಕಂಪನ. ಹಳೆಯ ಸಂಗೀತದವರು ನಾನೂರ ಹದಿನೈದಕ್ಕೆ ಇಳಿಸಿಕೊಳ್ಳುತ್ತಾರೆ, ಸರಿಯಾಗಿ ಅರ್ಧ ಸ್ವರ ಕೆಳಗೆ. ನಾನು ಶುಕ್ರವಾರ ಬಲಿಪೂಜೆಗೆ ಮೇಲಿನ ಶ್ರುತಿಯಲ್ಲಿ ನುಡಿಸುತ್ತಿದ್ದೆ, ಆರ್ಗನ್ನಿನ ಜೊತೆ, ಒಂದು ವಿಲ್ಲಾದ ಹಾಲಿನಲ್ಲಿ. ಮಂಗಳವಾರ ಮಾರ್ಗ್ರೀತಳ ಮನೆಯಲ್ಲಿ ಕೆಳಗಿನ ಶ್ರುತಿ. ಹೀಗೆ ಎರಡು ಕಡೆ ಓಡಾಡುವ ಕಿವಿ ಕೆಲವೊಮ್ಮೆ ಗೊಂದಲಕ್ಕೆ ಬೀಳುತ್ತದೆ. ಪುಟದಲ್ಲಿ ಒಂದು ಸ್ವರ ಕಾಣುತ್ತದೆ, ಕಿವಿಗೆ ಪಕ್ಕದ ಸ್ವರ ಬೀಳುತ್ತದೆ. ನಮ್ಮ ಮೂವರ ನಡುವೆ ಅದಕ್ಕೊಂದು ಮಾತಿತ್ತು: ಮಹಡಿ ತಪ್ಪುವುದು. ಲಿಫ್ಟಿನಲ್ಲಿ ತಪ್ಪು ಬಟನ್ ಒತ್ತಿ ಬೇರೆಯವರ ಮನೆ ಬಾಗಿಲು ಬಡಿದ ಹಾಗೆ. ಯಾರಿಗಾದರೂ ಹಾಗಾದರೆ ನಕ್ಕು ಮುಂದೆ ಹೋಗುತ್ತಿದ್ದೆವು.

ಒಂದು ಮಂಗಳವಾರ ಬೆಳಗ್ಗೆ ಎದ್ದಾಗ ಏಸಿ ಎರಡು ದನಿಯಲ್ಲಿ ಗುಂಯ್‌ಗುಡುತ್ತಿತ್ತು. ಎಡಗಿವಿಯಲ್ಲಿ ಹತ್ತಿ ತುಂಬಿದ ಹಾಗೆ. ನೋವಿಲ್ಲ. ಸಂಜೆ ಯಾನ್ ಶ್ರುತಿ ಸರಿಮಾಡಲು 'ಎ' ಒತ್ತಿದ. ನನಗೆ ಎರಡು 'ಎ' ಕೇಳಿಸಿದುವು. ಬಲಗಿವಿಯಲ್ಲಿ ಸರಿಯಾದದ್ದು, ಎಡಗಿವಿಯಲ್ಲಿ ಅದಕ್ಕಿಂತ ಕೆಳಗಿನದು, ತಗಡಿನ ಡಬ್ಬಿಯೊಳಗಿಂದ ಬಂದಂತೆ.

"ಇನ್ನೊಮ್ಮೆ ಒತ್ತು," ಎಂದೆ. ಮತ್ತೆ ಎರಡು.

ನನ್ನ ಮುಖ ನೋಡಿ ಮಾರ್ಗ್ರೀತ್ "ಮಹಡಿ ತಪ್ಪಿತು!" ಎಂದು ನಕ್ಕಳು. ಈ ಶುಕ್ರವಾರ ಪೂಜೆಗೆ ನುಡಿಸಬೇಡ, ಕಿವಿ ಕೆಳಗಿನ ಮಹಡಿಯಲ್ಲೇ ನಿಂತು ಅಭ್ಯಾಸವಾಗಲಿ ಎಂದಳು. ನಾನು ನಂಬಿದೆ. ಮೂರು ವಾರದಲ್ಲಿ ನಮ್ಮ ಮೊದಲ ಕಚೇರಿ ಇತ್ತು, ಒಂದು ಹೋಟೆಲಿನ ಹಾಲಿನಲ್ಲಿ. ನನಗಿಂತ ಮುಂಚೆ ಅವರೊಡನೆ ಇದ್ದ ಒಬ್ಬ ಫ್ರೆಂಚ್ ವಯಲಿನ್‌ಕಾರನನ್ನು, ಶ್ರುತಿ ನಿಲ್ಲುವುದಿಲ್ಲ ಎಂದು ಮಾರ್ಗ್ರೀತ್ ಎರಡೇ ವಾರದಲ್ಲಿ ಮನೆಗೆ ಕಳಿಸಿದ್ದಳು.

ಒಂಬತ್ತು ದಿನ ಹೀಗೇ ಹೋದುವು. ಎಂಥ ಒಂಬತ್ತು ದಿನ! ಫಿಸಿಕ್ಸ್ ಎಂ.ಎಸ್ಸಿ. ಮಾಡಿದ, ಮಕ್ಕಳಿಗೆ ಶಬ್ದತರಂಗದ ಪಾಠ ಮಾಡುವ ಹೆಂಗಸು, ಒಂದು ಕಿವಿ ಮಾತ್ರ ಹೇಗೆ ಮಹಡಿ ತಪ್ಪುತ್ತದೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಗೊಂದಲ ತಲೆಯದ್ದಾದರೆ ಎರಡೂ ಕಿವಿಗೆ ಆಗಬೇಕಲ್ಲ?

ವಿಲ್ಫಿ ತನ್ನದೇ ಮನೆಮದ್ದು ಶುರು ಮಾಡಿದ. "ಏಸಿ ಗಾಳಿ ನೇರ ನಿನ್ನ ಕಿವಿಗೆ ಬೀಳ್ತದೆ, ಅದಕ್ಕೇ. ಈ ಬದಿ ಮಲಗು ಅಂತ ಎಷ್ಟು ಸಲ ಹೇಳಿದ್ದೇನೆ?" ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಕಿವಿಗೆ ಬಿಟ್ಟ. ಎರಡು ದಿನ ಕ್ಲಾಸಿನಲ್ಲಿ ಒಗ್ಗರಣೆಯ ವಾಸನೆ ಹೊಡೆಯುತ್ತಾ ಪಾಠ ಮಾಡಿದೆ.

ಅಲ್ ಮನ್ಸೂರಾದಲ್ಲಿ ನಮ್ಮ ಕಟ್ಟಡದ ಕೆಳಗೆ ಇಸ್ಮಾಯಿಲ್ ಕಾಕರ ಔಷಧದ ಅಂಗಡಿ. ಉಳ್ಳಾಲದ ಬ್ಯಾರಿ, ಇಪ್ಪತ್ತು ವರ್ಷದಿಂದ ಇಲ್ಲೇ ಇರುವವರು. ಗುಗ್ಗೆ ಕರಗಿಸುವ ಹನಿಮದ್ದು ಕೊಂಡುಹೋಗಿದ್ದ ನಾನು ಒಂಬತ್ತನೆಯ ದಿನ ಇನ್ನೊಂದು ಬಾಟಲಿಗೆ ಹೋದೆ. ಅವರು ಕೊಡಲಿಲ್ಲ.

"ಬಾಯಮ್ಮ, ಒಂದು ಕೇಳ್ತೇನೆ. ನೀವು ಫೋನ್ ಯಾವ ಕಿವಿಗೆ ಹಿಡಿಯುವುದು?"

"ಎಡಕ್ಕೆ. ಯಾವಾಗಲೂ ಎಡಕ್ಕೇ."

"ಈಗ, ಈ ವಾರ?"

ಒಂದು ವಾರದಿಂದ ಬಲಕ್ಕೆ ಹಿಡಿಯುತ್ತಿದ್ದೆ. ಯಾವಾಗ ಕೈ ಬದಲಿಸಿದೆ ಎಂದು ನನಗೇ ಗೊತ್ತಿರಲಿಲ್ಲ.

"ನೋಡಿ, ನಿಮ್ಮ ಕೈಗೆ ಗೊತ್ತುಂಟು, ನಿಮಗೆ ಗೊತ್ತಿಲ್ಲ. ಇದು ಗುಗ್ಗೆ ಅಲ್ಲ. ನನ್ನ ಅಂಗಡಿಯಲ್ಲಿ ಇದಕ್ಕೆ ಮದ್ದು ಮಾಫಿ, ಇಲ್ಲವೇ ಇಲ್ಲ. ಇವತ್ತೇ ಆಸ್ಪತ್ರೆಗೆ ಹೋಗಿ. ಯಲ್ಲಾ, ನಡೆಯಿರಿ, ನಾನೇ ಬಿಡ್ತೇನೆ." ಅಂಗಡಿಯ ಶಟರ್ ಅರ್ಧ ಎಳೆದು ತಮ್ಮ ಪಿಕಪ್‌ನಲ್ಲಿ ಕರೆದುಕೊಂಡು ಹೋದರು. ಅದಕ್ಕೆ ನಾನು ಇಂದಿಗೂ ಋಣಿ.

ಕೇಳುವ ಪರೀಕ್ಷೆಯ ಕೋಣೆ ಫ್ರಿಜ್ಜಿನಂಥದ್ದು, ಬಾಗಿಲು ಹಾಕಿದರೆ ನಿಮ್ಮ ಉಸಿರು ನಿಮಗೇ ಜೋರು. ಮಲಯಾಳಿ ಟೆಕ್ನಿಶಿಯನ್ ಗಾಜಿನಾಚೆ ಕೂತು ಸ್ವರಗಳನ್ನು ಕಳಿಸುತ್ತಾಳೆ, ಕೇಳಿಸಿದರೆ ಬಟನ್ ಒತ್ತಬೇಕು. ಬಲಗಿವಿ ಮುಗಿಯಿತು. ಎಡಗಿವಿ ಶುರುವಾಯಿತು ಎಂದು ನನಗೆ ಗೊತ್ತಾದದ್ದು ಅವಳ ಕೈ ಅಲ್ಲಾಡಿದ್ದರಿಂದ. ಅವಳು ಗುಂಡಿ ತಿರುಗಿಸುತ್ತಾಳೆ, ನನ್ನ ಮುಖ ನೋಡುತ್ತಾಳೆ, ಮತ್ತೆ ತಿರುಗಿಸುತ್ತಾಳೆ. ನಾನು ಎರಡು ಸಲ ಸುಮ್ಮನೆ ಒತ್ತಿದೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಮಕ್ಕಳ ಕಿವಿ ಹಿಂಡಿದ ಟೀಚರ್ ನಾನು.

ಡಾಕ್ಟರರು ಸುಡಾನಿನವರು, ಮೆಲುಮಾತಿನವರು. "ಎಷ್ಟು ದಿನವಾಯಿತು?"

"ಒಂಬತ್ತು."

ಅವರು ಪೆನ್ನು ಕೆಳಗಿಟ್ಟರು. ಒಳಗಿವಿಯ ನರಕ್ಕೆ ಪೆಟ್ಟಾಗಿದೆ, ಏಕೆಂದು ಬಹಳ ಸಲ ತಿಳಿಯುವುದಿಲ್ಲ, ಮದ್ದನ್ನು ಮೊದಲ ದಿನಗಳಲ್ಲೇ ಶುರು ಮಾಡಿದರೆ ಒಳ್ಳೆಯದು ಎಂದರು. "ಒಂಬತ್ತು ದಿನ ಏಕೆ ಕಾದಿರಿ?"

ನಾನು ನಾನೂರ ನಲವತ್ತು, ನಾನೂರ ಹದಿನೈದು, ಮೇಲಿನ ಮಹಡಿ, ಕೆಳಗಿನ ಮಹಡಿ ಎಂದೆಲ್ಲ ವಿವರಿಸಿದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಹುಚ್ಚರ ಮಾತಿನಂತೆ ಕೇಳಿಸಿತು.

"ನೀವು ಫಿಸಿಕ್ಸ್ ಟೀಚರ್ ಎಂದಿರಲ್ಲ?" ಎಂದರು. ಕುಹಕದಿಂದ ಅಲ್ಲ. ಅದಕ್ಕೇ ಹೆಚ್ಚು ಉರಿಯಿತು.

"ಮೊದಲೇ ಬಂದಿದ್ದರೆ ಉಳಿಯುತ್ತಿತ್ತಾ?"

"ಉಳಿಯುತ್ತಿತ್ತು ಎಂದು ಹೇಳಲಾರೆ. ಉಳಿಯುತ್ತಿರಲಿಲ್ಲ ಎಂದೂ ಹೇಳಲಾರೆ."

ಈ ಎರಡು ವಾಕ್ಯಗಳ ನಡುವೆ ನಾನು ಹನ್ನೊಂದು ತಿಂಗಳು ವಾಸ ಮಾಡಿದ್ದೇನೆ.

ಸ್ಟಿರಾಯ್ಡ್ ಮಾತ್ರೆ ಶುರುವಾಯಿತು. ಮುಖ ಊದಿತು, ಹಸಿವು ಕೆರಳಿತು. ಈ ಮಾತ್ರೆ ತಿಂದರೆ ಸಿಟ್ಟು ಬರುತ್ತದೆ ಎಂದು ನರ್ಸ್ ಎಚ್ಚರಿಸಿದ್ದಳು. ಬಂತು. ಯಾವ ಸಿಟ್ಟು ನನ್ನದು, ಯಾವುದು ಮಾತ್ರೆಯದು ಎಂದು ಬೇರ್ಪಡಿಸಲು ಆಗಲಿಲ್ಲ. ಮಾತ್ರೆ ನಿಂತ ಮೇಲೂ ಸಿಟ್ಟು ನಿಲ್ಲಲಿಲ್ಲ, ಆದ್ದರಿಂದ ಅದು ನನ್ನದೇ ಎಂದು ತೀರ್ಮಾನಿಸಿದೆ.

ಎಲ್ಲರ ಮೇಲೂ ಸಿಟ್ಟು. ಸ್ಟಾಫ್ ರೂಮಿನಲ್ಲಿ "ಟೀಚರ್, ಬ್ಯಾಕ್ ಬೆಂಚಿನ ಗಲಾಟೆ ಅರ್ಧ ಕಮ್ಮಿ ಆಯ್ತಲ್ಲ" ಎಂದವಳ ಮೇಲೆ. ಊರಿಂದ ಫೋನಿನಲ್ಲಿ "ಕಳೆದದ್ದನ್ನು ಹುಡುಕಿಕೊಡುವ ಸಂತನಿಗೆ ಹರಕೆ ಹೇಳಿದ್ದೇನೆ ಮಗಾ" ಎಂದ ಅಮ್ಮನ ಮೇಲೆ. ಕಿವಿ ಏನು, ಬಸ್ಸಿನಲ್ಲಿ ಬಿಟ್ಟು ಬಂದ ಕೊಡೆಯೇ? ಎಲ್ಲಕ್ಕಿಂತ ಹೆಚ್ಚು ವಿಲ್ಫಿಯ ಮೇಲೆ.

"ಇನ್ನೊಂದು ಕಿವಿ ಉಂಟಲ್ಲ ಲೀನಾ. ದೇವರು ಎರಡು ಕೊಟ್ಟದ್ದು ಅದಕ್ಕೇ."

"ಕಾಲೂ ಎರಡು ಕೊಟ್ಟಿದ್ದಾನೆ. ಒಂದು ಕಡಿದು ಕೊಡು."

ಅವನು ಅಡುಗೆಮನೆಗೆ ಹೋದ. ಆಮೇಲೆ ನನ್ನ ಎಡಗಡೆ ಕೂರುವುದನ್ನೇ ಬಿಟ್ಟ. ಊಟಕ್ಕೆ, ಕಾರಿನಿಂದ ಇಳಿದು ನಡೆಯುವಾಗ, ಟಿವಿಯೆದುರು, ಎಲ್ಲೆಲ್ಲೂ ಬಲಕ್ಕೆ ಬರುತ್ತಿದ್ದ.

ಕಚೇರಿಗೆ ನಾಲ್ಕು ದಿನವಿರುವಾಗ ಮಾರ್ಗ್ರೀತ್ ಬಟಾಣಿ ಸೂಪು ಹಿಡಿದು ಮನೆಗೆ ಬಂದಳು. ವಯಲಿನ್ ಬಿಟ್ಟು ಗಾಂಬಾ, ಹಾರ್ಪ್ಸಿಕಾರ್ಡ್ ಎರಡೇ ಇರುವ ಕೃತಿಗಳನ್ನು ಆರಿಸಿದ್ದೇವೆ, ಚಿಂತೆ ಬೇಡ ಎಂದಳು. ನಾನಿಲ್ಲದೆ ನಡೆಯುತ್ತದೆ ಎಂದು ನನಗೆ ಸಮಾಧಾನ ಹೇಳಲು ಬಂದಿದ್ದಳು!

"ಮಹಡಿ ತಪ್ಪಿತು ಎಂದು ನಕ್ಕವಳು ನೀನು," ಎಂದೆ. "ನಿನ್ನ ಆ ಒಂದು ಮಾತಿಗೆ ನನ್ನ ಒಂಬತ್ತು ದಿನ ಹೋಯಿತು."

ಅವಳು ಬಿಳುಚಿಕೊಂಡಳು. "ನಾನು ಹಾಗೆ ಹೇಳಲಿಲ್ಲ, ಲೀನಾ."

"ಹೇಳಿದೆ."

"ಹೇಳಲಿಲ್ಲ. ಹೇಳಿದವಳು ನೀನು."

ಸೂಪಿನ ಪಾತ್ರೆಯನ್ನು ಮುಚ್ಚಳ ಸಮೇತ ಅವಳ ಕೈಗೆ ವಾಪಸು ಕೊಟ್ಟು ಬಾಗಿಲು ತೆರೆದೆ. ಮುಗಿಯಿತು. ಖಲಾಸ್. ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ, ಸ್ಟಾಫ್ ರೂಮಿನಲ್ಲಿ, ಪೂಜೆ ಮುಗಿದ ಮೇಲೆ ವಿಲ್ಲಾದ ಅಂಗಳದಲ್ಲಿ, ಊರಿನ ಫೋನಿನಲ್ಲಿ. ಅವಳಿಗೆ ತನ್ನ ಶ್ರುತಿಯೇ ಲೋಕ, ಬೇರೆಯವರ ಕಿವಿ ಹಾಳಾದರೇನು ಎಂದೆ. ಹೇಳಿದಷ್ಟೂ ಅವಳ ನಗು ನನ್ನ ನೆನಪಿನಲ್ಲಿ ದೊಡ್ಡದಾಗುತ್ತಾ ಹೋಯಿತು.

ಕೆಲವು ತಿಂಗಳಲ್ಲಿ ಎಡಗಿವಿಗೆ ತಗ್ಗಿನ ದನಿಗಳು ಅಷ್ಟಿಷ್ಟು ಮರಳಿದುವು. ಮೇಲಿನವು ಬರಲಿಲ್ಲ. ಶಬ್ದ ಕೇಳಿಸುತ್ತದೆ, ಮಾತಾಗುವುದಿಲ್ಲ ಎಂದು ಕೊನೆಯ ಪರೀಕ್ಷೆಯಲ್ಲಿ ಡಾಕ್ಟರರೇ ಹೇಳಿದರು, ಇನ್ನು ಹೆಚ್ಚು ನಿರೀಕ್ಷೆ ಬೇಡ ಎಂದೂ ಹೇಳಿದರು. ಈಗ ಮನೆಯಲ್ಲಿ ಒಬ್ಬಳೇ ನುಡಿಸುತ್ತೇನೆ. ಶ್ರುತಿ ಮಾಡುವಾಗ ವಯಲಿನ್ ಅನ್ನು ದವಡೆಯ ಎಲುಬಿಗೆ ಒತ್ತಿಕೊಳ್ಳುತ್ತೇನೆ. ಎರಡು ತಂತಿ ಕೂಡದಿದ್ದರೆ ಎಲುಬಿನಲ್ಲಿ ಡವಡವ ಅನ್ನುತ್ತದೆ, ಕೂಡಿದಾಗ ನಿಲ್ಲುತ್ತದೆ. ನಡುವೆ ಹಲಗೆ ಇಲ್ಲದ್ದು ಕೊನೆಗೂ ಉಪಯೋಗಕ್ಕೆ ಬಂತು.

ಇಲ್ಲಿಯವರೆಗೆ ಬರೆದದ್ದು ಕಳೆದ ವಾರ. ಒಂಬತ್ತು ದಿನವೋ ಹತ್ತೋ, ಖಚಿತ ಮಾಡಿಕೊಳ್ಳೋಣ ಎಂದು ನಿನ್ನೆ ಸಂಜೆ ಡೈರಿಯ ರಬ್ಬರ್ ಬ್ಯಾಂಡ್ ಬಿಚ್ಚಿದೆ. ಒಂಬತ್ತೇ. ಆ ಮಂಗಳವಾರದ ಪುಟದಲ್ಲಿ ಇರುವುದಿಷ್ಟು:

"ರಿಹರ್ಸಲ್. ಎರಡೆರಡು ಎ. ಮಹಡಿ ತಪ್ಪಿತು ಅಂದೆ. ಮಾ. ನಕ್ಕಳು. ಈ ಶುಕ್ರವಾರ ಪೂಜೆಗೆ ನುಡಿಸಬಾರದು."

ಅಂದೆ.

ಕನ್ನಡಕ ಒರೆಸಿ ಮತ್ತೆ ನೋಡಿದೆ. 'ಅಂದಳು' ಎಂದು ಬರೆಯಲು ಹೋಗಿ ಕೊನೆಯಲ್ಲಿ ತಪ್ಪಿದ್ದೇನೆಯೇ? ಇಲ್ಲ, ಪಕ್ಕದಲ್ಲೇ 'ನಕ್ಕಳು' ಸರಿಯಾಗಿದೆ. ಹಾಗಾದರೆ ಪೂಜೆಗೆ ನುಡಿಸಬಾರದು ಎಂದದ್ದು ಯಾರು? ಪುಟ ಹೇಳುವುದಿಲ್ಲ. ಶುಕ್ರವಾರದ ಪುಟ ತಿರುಗಿಸಿದೆ.

"ಮಾ. ಫೋನ್ ಮಾಡಿದ್ದಳು. ಕಿವಿ ನೋವು ಉಂಟಾ, ಯಾರಿಗಾದರೂ ತೋರಿಸಬೇಕಾ ಅಂತ ಕೇಳಿದಳು. ಎಂತದೂ ಇಲ್ಲ ಅಂದೆ. ಆ ಫ್ರೆಂಚಿನವನ ನೆನಪಾಯಿತು."

ಆ ಫೋನ್ ನನಗೆ ನೆನಪೇ ಇಲ್ಲ. ಈಗಲೂ ಇಲ್ಲ. ಅಕ್ಷರ ನನ್ನದು, ಮಸಿ ನನ್ನ ಪೆನ್ನಿನದು, ನೆನಪು ಮಾತ್ರ ಎದ್ದು ಹೋಗಿದೆ. ಮೇಲೆ ಬರೆದದ್ದನ್ನು ನಾನು ತಿದ್ದಿಲ್ಲ. ಹನ್ನೊಂದು ತಿಂಗಳು ಲೋಕಕ್ಕೆಲ್ಲ ಹೇಳಿದ ಸುಳ್ಳು ಹೇಗಿತ್ತೆಂದು ಓದುವವರಿಗೆ ಕಾಣಲಿ. ನೆನಪು ಸುಮ್ಮನೆ ತಪ್ಪುವುದಿಲ್ಲ, ನಮಗೆ ಬೇಕಾದ ಕಡೆಗೇ ತಪ್ಪುತ್ತದೆ.

ಸಿಟ್ಟು ಇಳಿಯಿತೇ? ಇಲ್ಲ. ನಕ್ಕದ್ದು ಅವಳೇ ತಾನೇ. ಶ್ರುತಿ ನಿಲ್ಲದವರನ್ನು ಎರಡು ವಾರದಲ್ಲಿ ಮನೆಗೆ ಕಳಿಸುವವಳ ಮುಂದೆ ಯಾರಾದರೂ ಕಿವಿ ಕೆಟ್ಟಿದೆ ಎಂದಾರೆ? ಆದರೆ ಇಷ್ಟು ದಿನ ಬೇರೆಯವರ ಕಡೆ ಹರಿಯುತ್ತಿದ್ದ ಸಿಟ್ಟು ಈಗ ನನ್ನ ಮೇಲೂ ನುಗ್ಗಿತು.

ಡೈರಿಯ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಅವಳಿಗೆ ಫೋನ್ ಮಾಡಿದೆ.

"ನಾನು ಲೀನಾ. ಮಹಡಿ ತಪ್ಪಿತು ಎಂದದ್ದು ನಾನೇ. ನನ್ನ ಡೈರಿಯಲ್ಲಿದೆ."

"ಡೈರಿಯಲ್ಲಿ ಹೇಗಿದೆ?" ಎಂದಳು.

ಕನ್ನಡದಲ್ಲಿ ನಾನು ಹೇಳಿದೆ ಎನ್ನುವುದಕ್ಕೂ ಅವಳು ಹೇಳಿದಳು ಎನ್ನುವುದಕ್ಕೂ ಕೊನೆಯಲ್ಲಷ್ಟೇ ವ್ಯತ್ಯಾಸ, ಒಂದು ಅಕ್ಷರದ್ದು ಎಂದು ವಿವರಿಸಿದೆ.

"ಒಂದು ಅಕ್ಷರವಾ?" ಎಂದಳು. ಅಲ್ಲಿಂದ ಶುರುವಾಯಿತು. "ಒಂದು ಅಕ್ಷರಕ್ಕೆ ನೀನು ನನ್ನನ್ನು ಹನ್ನೊಂದು ತಿಂಗಳು ಕೊಲೆಗಾರ್ತಿ ಮಾಡಿದೆ. ಯಾನ್‌ಗೆ ಸೈಟಿನಲ್ಲಿ ನಿನ್ನ ಊರಿನವರು ಬಂದು ಕೇಳಿದರು, ನಿನ್ನ ಹೆಂಡತಿ ಒಬ್ಬಳ ಕಿವಿ ಹಾಳು ಮಾಡಿದಳಂತೆ, ಹೌದಾ ಎಂದು. ನಾನೂ ನನ್ನನ್ನು ಅನುಮಾನಿಸಿದೆ. ಹೇಳಿರಬಹುದೇನೋ ಅಂದುಕೊಂಡೆ. ಕಚೇರಿಯಲ್ಲಿ ಬಿಲ್ಲು ಎರಡು ಸಲ ತಪ್ಪಿತು. ನಿನ್ನ ಕಿವಿ ಹೋಯಿತು, ಅದಕ್ಕೆ ನಾನು ಅತ್ತಿದ್ದೇನೆ. ಆದರೆ ನೀನು ನೀಚಳು ಲೀನಾ. ನನ್ನ ಸೂಪನ್ನು ವಾಪಸು ಕೊಟ್ಟೆ!" ಫೋನ್ ಕುಕ್ಕಿದಳು.

ವಿಲ್ಫಿ ಬಾಗಿಲಲ್ಲಿ ನಿಂತಿದ್ದ. "ಆ ಡಚ್ಚಳಾ? ಎಂತ ಹೇಳಿದ್ಲು?"

"ಬೈದಳು."

"ಎಂತ ಅಂತ ಬೈದಳು?"

ನಾನು ಹೇಳತೊಡಗಿದೆ. ಕೊಲೆಗಾರ್ತಿ, ಸೈಟಿನಲ್ಲಿ ಕೇಳಿದ ಊರಿನವರು, ತಪ್ಪಿದ ಬಿಲ್ಲು, ನೀಚಳು. ಮಾತಿಗೆ ಮಾತು, ಒಂದನ್ನೂ ಬಿಡದೆ. ಸೂಪಿನವರೆಗೆ ಬಂದವಳು ಥಟ್ಟನೆ ನಿಂತೆ.

ಬಲಗೈ ಇನ್ನೂ ಡೈರಿಯ ಮೇಲಿತ್ತು, ಬೆರಳು 'ಅಂದೆ'ಯ ಮೇಲೆ. ರಿಸೀವರ್ ಎಡಗೈಯಲ್ಲಿತ್ತು. ಅಷ್ಟೂ ಬೈಗಳನ್ನು ನಾನು ಎಡಗಿವಿಯಲ್ಲಿ ಕೇಳಿದ್ದೆ. ಒರಟಾಗಿ, ತುಸು ಕೆಳಗಿನ ದನಿಯಲ್ಲಿ, ಆದರೆ ಅದು ಶಬ್ದವಾಗಿರಲಿಲ್ಲ, ಮಾತಾಗಿತ್ತು.

"ಎಂತ ಆಯ್ತು?" ಎಂದು ವಿಲ್ಫಿ ಕೇಳಿದ.

ನಾನು ಕೈ ಬದಲಿಸಲಿಲ್ಲ. ಅದೇ ನಂಬರ್ ಇನ್ನೊಮ್ಮೆ ಒತ್ತಿದೆ.